ತಲೆಯೊಳಗಿನ ಸಂತೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ವಿದ್ಯಾರ್ಥಿಗಳಿಂದ ಎಷ್ಟು ಬಾರಿ ವಿಸ್ತರಿಸಿ ಬರೆಯಿಸಿದ್ದೇನೋ ಲೆಕ್ಕವಿಲ್ಲ. ಅದರ ಇನ್ನೊಂದು ಮಗ್ಗುಲು ನನಗೆ ತಿಳಿದುದು ನಲವತ್ತು ದಾಟಿದ ಮೇಲೆ. ಸಂತೆ ಊರ ಹೊರಗಿನ ಬಯಲಿನಲ್ಲಿ ನೆರೆದರೆ ಬಾಧೆಯಿಲ್ಲ. ತಲೆಯೊಳಗೇ ನೆರೆದರೆ ಮೆತ್ತನೆಯ ಹಾಸಿಗೆ, ಕತ್ತಲ ಕೋಣೆ, ಸದ್ದಡಗಿದ ಬೀದಿ ಎಲ್ಲವೂ ಇದ್ದು ನಿದ್ದೆ ಮಾತ್ರ ಇರುವುದಿಲ್ಲ.

ಕಳೆದ ಸೆಮಿಸ್ಟರಿನ ಕೊನೆಯ ವಾರಗಳಲ್ಲಿ ನನ್ನ ಅವಸ್ಥೆ ಇದೇ ಆಗಿತ್ತು. ಹತ್ತೂವರೆಗೆ ದೀಪವಾರಿಸಿ ಮಲಗುವುದೇ ತಡ, ಸಂತೆ ಕೂಡುತ್ತಿತ್ತು. ತಿದ್ದದೆ ಉಳಿದ ಉತ್ತರಪತ್ರಿಕೆಗಳ ಕಟ್ಟು, ವಿಚಾರಸಂಕಿರಣಕ್ಕೆ ಒಪ್ಪಿಕೊಂಡು ಬರೆಯದಿದ್ದ ಪ್ರಬಂಧ, ಊರಿನಲ್ಲಿ ಒಬ್ಬರೇ ಇರುವ ತಾಯಿಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಕಟ್ಟಬೇಕಾದ ವಿಮೆಯ ಕಂತು — ಒಂದೊಂದೂ ತನ್ನ ಸರಕನ್ನು ಹರಡಿಕೊಂಡು ಕೂಗತೊಡಗುವುದು. ಹನ್ನೆರಡಾಯಿತೆಂದರೆ, ‘ಬೆಳಗ್ಗೆ ಪಾಠವಿದೆ, ಇನ್ನೂ ನಿದ್ದೆಯಿಲ್ಲವಲ್ಲ’ ಎಂಬ ಹೊಸ ಚಿಂತೆಯೂ ಬಂದು ಅಂಗಡಿ ಹೂಡುವುದು.

ಒಂದು ರಾತ್ರಿ ನನ್ನ ಮನೆಯಾಕೆ ಬೇಸತ್ತು, “ಹೊರಳಿ ಹೊರಳಿ ನನ್ನ ನಿದ್ದೆಯನ್ನೂ ಕೆಡಿಸುತ್ತಿದ್ದೀರಿ. ಎದ್ದು ಹೋಗಿ ಅದೇನಿದೆಯೋ ಮುಗಿಸಿ ಬರಬಾರದೆ?” ಎಂದಳು. ರಿಚರ್ಡ್ ಬೂಟ್ಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ೧೯೭೨ರಲ್ಲಿ ನಿದ್ರಾಹೀನರಿಗೆ ಹೇಳಿದ ಉಪಾಯವೂ ಹೆಚ್ಚುಕಡಿಮೆ ಇದೇ: ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೆಣಗದೆ ಎದ್ದು ಬೇರೆ ಕೋಣೆಗೆ ಹೋಗಿರಿ, ಕಣ್ಣು ಎಳೆದಾಗ ಮಾತ್ರ ಹಿಂದಿರುಗಿರಿ. ಇಲ್ಲವಾದರೆ ಹಾಸಿಗೆಯೆಂದರೆ ಎಚ್ಚರವಾಗಿರುವ ಜಾಗವೆಂದು ದೇಹಕ್ಕೆ ಅಭ್ಯಾಸವಾಗಿಬಿಡುತ್ತದೆ. ಆ ಮಹನೀಯರ ಹೆಸರನ್ನು ನನ್ನ ಮನೆಯಾಕೆ ಕೇಳಿದವಳಲ್ಲ.

ಅದುವರೆಗೆ ನಾನು ಮಾಡುತ್ತಿದ್ದುದು ಯೋಚನೆಗಳನ್ನು ಬಲವಂತವಾಗಿ ಹೊರದೂಡುವ ಕೆಲಸ. ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬೇಡವೆಂದ ವೈದ್ಯನ ಕಥೆ ನಮಗೆಲ್ಲ ಗೊತ್ತು. ಆ ರೋಗಿಗೆ ಜೀವಮಾನವಿಡೀ ಕೋತಿಯೇ ಕಂಡಿತು. ೧೯೮೭ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಕೋತಿಯ ಬದಲು ಬಿಳಿಯ ಕರಡಿ. ಐದು ನಿಮಿಷ ಅದನ್ನು ನೆನೆಯಬಾರದು, ನೆನಪಾದರೆ ಗಂಟೆ ಬಾರಿಸಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಗಂಟೆ ಮತ್ತೆ ಮತ್ತೆ ಮೊಳಗಿತು. ಮನಸ್ಸಿನಲ್ಲಿ ಬಾಗಿಲು ಕಾಯುವವನೇ ಅತಿಥಿಯನ್ನು ಕೂಗಿ ಕರೆಯುತ್ತಾನೆಂದು ತೋರುತ್ತದೆ.

ಹೊರದೂಡಲಾಗದುದನ್ನು ಕಾಗದಕ್ಕೆ ಇಳಿಸಬಹುದು. ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾಲಯದವರು ೨೦೧೮ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ೫೭ ಮಂದಿ ತರುಣ ತರುಣಿಯರು ಮಲಗುವ ಮುನ್ನ ಐದು ನಿಮಿಷ ಬರೆದರು. ಅರ್ಧ ಮಂದಿ ಮಾಡಿ ಮುಗಿಸಿದ ಕೆಲಸಗಳನ್ನು, ಉಳಿದವರು ಮುಂದೆ ಮಾಡಬೇಕಾದುವನ್ನು. ಎರಡನೆಯವರಿಗೆ ಸರಾಸರಿ ಒಂಬತ್ತು ನಿಮಿಷ ಮೊದಲೇ ನಿದ್ದೆ ಹತ್ತಿತು. ಪಟ್ಟಿಯನ್ನು ಬಿಡಿಸಿ ಬರೆದಷ್ಟೂ ಅವರು ಬೇಗ ಮಲಗಿದರು.

ನಾನೂ ಬರೆದೆ. ಮೊದಲ ದಿನ ‘ತಾಯಿಯ ಕಣ್ಣು’ ಎಂದಷ್ಟೇ ಬರೆದಿದ್ದೆ. ಅದು ಪಟ್ಟಿಯಾಗಲಿಲ್ಲ, ನಿಟ್ಟುಸಿರಾಯಿತು. ಮರುದಿನ ‘ಸೋಮವಾರ ಹತ್ತಕ್ಕೆ ಆಸ್ಪತ್ರೆಗೆ ಫೋನು ಮಾಡಿ ದಿನ ಗೊತ್ತುಮಾಡುವುದು’ ಎಂದು ಬರೆದೆ. ಆ ಅಂಗಡಿ ಮುಚ್ಚಿತು. ಹೀಗೆ ನಾಲ್ಕು ಸಾಲುಗಳು, ನಾಲ್ಕು ಅಂಗಡಿಗಳು. ಆದರೂ ಎಲ್ಲೋ ಒಂದು ಮೂಲೆಯಲ್ಲಿ ದೀಪವುರಿಯುತ್ತಲೇ ಇತ್ತು. ಅದೇನೆಂದು ನಾನು ಅರಿಯದವನೇನೂ ಅಲ್ಲ. ಬರೆಯಲು ಕೈ ಬರಲಿಲ್ಲ, ಅಷ್ಟೆ.

ಆ ವಾರ ತರಗತಿಯಲ್ಲಿ ಉದ್ಯೋಗಪರ್ವದ ಕಥೆ ಹೇಳುವ ಪ್ರಸಂಗ ಬಂದಿತು. ಅದರಲ್ಲಿ ಪ್ರಜಾಗರವೆಂಬ ಉಪಪರ್ವವೊಂದಿದೆ. ಪ್ರಜಾಗರವೆಂದರೆ ನಿದ್ದೆಗೆಟ್ಟು ಎಚ್ಚತ್ತಿರುವುದು. ಪಾಂಡವರ ಬಳಿಗೆ ಹೋಗಿದ್ದ ಸಂಜಯ ರಾತ್ರಿ ಹಿಂದಿರುಗಿ, ಅರಸನನ್ನು ಆಕ್ಷೇಪಿಸಿ, ಧರ್ಮರಾಯನ ಸಂದೇಶವನ್ನು ನಾಳೆ ಸಭೆಯಲ್ಲಿ ಹೇಳುವೆನೆಂದು ಮನೆಗೆ ಹೊರಟುಬಿಡುತ್ತಾನೆ. ಧೃತರಾಷ್ಟ್ರನಿಗೆ ನಿದ್ದೆಯಿಲ್ಲ. ವಿದುರನನ್ನು ಕರೆಸಿ ನೀತಿಯನ್ನು ಕೇಳುತ್ತಾನೆ, ಸನತ್ಸುಜಾತನಿಂದ ತತ್ತ್ವವನ್ನು ಕೇಳುತ್ತಾನೆ, ಬೆಳಗಾಗುತ್ತದೆ. ನಡುವೆ ಒಂದು ಮಾತನ್ನು ತಾನೇ ಒಪ್ಪಿಕೊಳ್ಳುತ್ತಾನೆ: ಬುದ್ಧಿ ಪಾಂಡವರ ಕಡೆಗೆ ಒಲಿಯುತ್ತದೆ, ದುರ್ಯೋಧನನ ಬಳಿ ಸೇರಿದೊಡನೆ ತಿರುಗಿಬಿಡುತ್ತದೆ. ಕೇಳಬೇಕಾದುದನ್ನೆಲ್ಲ ಕೇಳಿದ, ಮಾಡಬೇಕಾದ ಒಂದನ್ನು ಮಾಡಲಿಲ್ಲ. ಇದನ್ನು ಹೇಳುತ್ತಿರುವಾಗಲೇ ನನ್ನ ಕಣ್ಣು ಮೂರನೆಯ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿಯ ಮೇಲೆ ಬಿದ್ದಿತು.

ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗಿ. ತಿಂಗಳ ಹಿಂದೆ ಆಕೆ ಬರೆದು ತಂದ ನಿಬಂಧ ಬಹಳ ಚೆನ್ನಾಗಿತ್ತು. ಚೆನ್ನಾಗಿದ್ದುದೇ ನನಗೆ ಸಂಶಯವಾಯಿತು. “ಇದು ನಿನ್ನದಲ್ಲ, ಎಲ್ಲಿಂದಲೋ ಎತ್ತಿದ್ದು” ಎಂದು ಎಲ್ಲರೆದುರಿನಲ್ಲಿ ಅಂದುಬಿಟ್ಟೆ. ಆಕೆ ಏನೂ ಹೇಳಲಿಲ್ಲ. ಮುಂದಿನ ಕಿರುಪರೀಕ್ಷೆಯಲ್ಲಿ ನನ್ನ ಕಣ್ಣೆದುರೇ ಕುಳಿತು ಬರೆದ ಉತ್ತರದಲ್ಲಿ ಅದೇ ನುಡಿ, ಅದೇ ಓಟ. ನಿಬಂಧಕ್ಕೆ ಪೂರ್ತಿ ಅಂಕ ಕೊಟ್ಟು, ಋಣ ತೀರಿತೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಅಂಕ ಕೊಟ್ಟದ್ದು ಗುಟ್ಟಾಗಿ. ಆಡಿದ ಮಾತು ಎಲ್ಲರೆದುರಿಗೆ.

ಆ ರಾತ್ರಿ ಐದನೆಯ ಸಾಲು ಬರೆದೆ: ‘ನಾಳೆ ಎರಡನೆಯ ಪಾಠದ ಮೊದಲಿಗೆ, ತರಗತಿಯಲ್ಲೇ, ತಪ್ಪು ನನ್ನದೆಂದು ಹೇಳುವುದು.’ ಬರೆದ ಮಾತ್ರಕ್ಕೆ ನಿದ್ದೆ ಬಂದಿತೆಂದರೆ ಸುಳ್ಳಾದೀತು. ಬೆಳಗಿನ ಜಾವದವರೆಗೂ ಎಚ್ಚರವಿದ್ದೆ. ಮರುದಿನ ಹೇಳಿದೆ. ತರಗತಿ ಸ್ತಬ್ಧವಾಯಿತು. ಆಕೆ ಎದ್ದು ನಿಂತು, “ಆಗಲಿ, ಸಾರ್” ಎಂದು ಕುಳಿತಳು. ನಗಲಿಲ್ಲ. ಅದಕ್ಕಿಂತ ಹೆಚ್ಚಿನದನ್ನು ಬಯಸುವ ಅಧಿಕಾರ ನನಗಿರಲಿಲ್ಲ. ಅಂದು ರಾತ್ರಿ ಹಾಸಿಗೆಗೆ ತಲೆ ಕೊಟ್ಟುದಷ್ಟೇ ನೆನಪು.

ಇದರಿಂದ ಸಕಲ ನಿದ್ರಾಹೀನತೆಗೂ ಮದ್ದು ಕಂಡೆನೆಂದು ನಾನು ಹೇಳಲಾರೆ. ಸಂಜೆ ಐದಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧಭಾಗ ರಾತ್ರಿ ಹತ್ತಕ್ಕೂ ಒಡಲಲ್ಲೇ ಇರುತ್ತದೆ. ಅದಕ್ಕೆ ಪಶ್ಚಾತ್ತಾಪ ಪರಿಹಾರವಲ್ಲ. ತಿಂಗಳುಗಟ್ಟಲೆ ನಿದ್ದೆ ಕೆಟ್ಟವರು ವೈದ್ಯರನ್ನು ಕಾಣುವುದೇ ಲೇಸು. ಪರೀಕ್ಷೆಯ ಮುನ್ನಾದಿನ ತಲೆಯೊಳಗೆ ಸಂತೆ ನೆರೆದ ವಿದ್ಯಾರ್ಥಿಗಳಿಗೂ, ನನ್ನಂಥ ಮೇಷ್ಟರುಗಳಿಗೂ ನಾನು ಹೇಳಬಹುದಾದುದು ಇಷ್ಟೇ: ಮಲಗುವ ಮುನ್ನ ಐದು ನಿಮಿಷ ಬರೆಯಿರಿ, ಬರೆಯಲು ಕೈ ಹಿಂಜರಿಯುವ ಸಾಲು ಯಾವುದೆಂದು ನೋಡಿಕೊಳ್ಳಿರಿ.

ನನ್ನ ದಿಂಬಿನ ಪಕ್ಕದಲ್ಲಿ ಈಗಲೂ ಒಂದು ಚೀಟಿ, ಒಂದು ಪೆನ್ಸಿಲು ಇವೆ. ಮೊನ್ನೆ ರಾತ್ರಿ ಮತ್ತೆ ಹೊರಳಾಟ. ಎದ್ದು ದೀಪ ಹಾಕಿದೆ. “ಯಾರ ಹತ್ತಿರ ತಪ್ಪಾಯಿತು?” ಎಂದು ಕೇಳಿ ನನ್ನ ಮನೆಯಾಕೆ ಮಗ್ಗುಲು ಬದಲಿಸಿದಳು.