ಸ್ಪಿಂಡಲ್ ಯಾವ ಕಡೆ ತಿರುಗುತ್ತಿದೆ?

ಕಡೂರು ತಾಲ್ಲೂಕಿನ ಪಂಚನಹಳ್ಳಿ ಕಡೆಯ ತೆಂಗಿನ ತೋಟದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ತ್ರೀ ಫೇಸ್ ಮೋಟಾರಿನ ಎರಡು ವೈರ್ ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ, ಬೋರ್‌ವೆಲ್ ನೀರಿನ ರಭಸ ಇಳಿದುಹೋಗುತ್ತದೆ. ಐಟಿಐ ಮುಗಿಸಿ ಬೆಂಗಳೂರಿನ ಪೀಣ್ಯಕ್ಕೆ ಕೆಲಸಕ್ಕೆ ಹೋದ ಹುಡುಗರು ಸಿಎನ್‌ಸಿ ಮಿಲ್ಲಿಂಗ್ ಯಂತ್ರಕ್ಕೂ ಇದೇ ಲೆಕ್ಕ ಹಾಕುವುದುಂಟು. ಅಲ್ಲಿ ಅದು ಅರ್ಧ ಮಾತ್ರ ಸರಿ.

ಕಟರ್ ಹಿಡಿದು ತಿರುಗುವ ಸ್ಪಿಂಡಲ್‌ನ ಮೋಟಾರಿಗೆ ಕರೆಂಟ್ ನೇರವಾಗಿ ಹೋಗುವುದಿಲ್ಲ. ನಡುವೆ ಇರುವ ಡ್ರೈವ್ ಅದನ್ನು ಮೊದಲು ಡಿಸಿ ಮಾಡಿ, ಬೇಕಾದ ವೇಗ ಮತ್ತು ದಿಕ್ಕಿಗೆ ತಕ್ಕ ವಿದ್ಯುತ್ತನ್ನು ಹೊಸದಾಗಿ ಕೊಡುತ್ತದೆ. ಹಾಗಾಗಿ ಮೇನ್ ಲೈನಿನ ಫೇಸ್ ಬದಲಾದರೂ ಸ್ಪಿಂಡಲ್ ದಿಕ್ಕು ಬದಲಾಗದು; ಉಲ್ಟಾ ಆಗುವುದು ಲೈನಿಗೆ ನೇರವಾಗಿ ಜೋಡಿಸಿದ ಕೂಲಂಟ್ ಪಂಪ್. ಡ್ರೈವ್‌ನಿಂದ ಮೋಟಾರಿಗೆ ಹೋಗುವ ವೈರ್ ತಪ್ಪಿದರೆ ಮಾತು ಬೇರೆ. ಸಾದಾ ಡ್ರೈವ್ ಆದರೆ ಸ್ಪಿಂಡಲ್ ಉಲ್ಟಾ ಓಡುತ್ತದೆ, ತಿರುಗುವಿಕೆಯನ್ನು ಅಳೆಯುವ ಎನ್‌ಕೋಡರ್ ಇದ್ದರೆ ಸಾಮಾನ್ಯವಾಗಿ ಅಲಾರಂ ಬರುತ್ತದೆ. ಮೋಟಾರ್ ರಿಪೇರಿಯಾಗಿ ಬಂದ ದಿನ ದಿಕ್ಕಿನ ಪರೀಕ್ಷೆ ಬೇಕೇಬೇಕು.

ಸ್ಕ್ರೀನಿನಲ್ಲಿ ಎಂ03 ಕಂಡರೆ ಸಾಕು ಎಂಬ ನಂಬಿಕೆಯೂ ಇದೆ. ಎಂ03 ಸ್ಪಿಂಡಲ್ ಅನ್ನು ಮುಂದಕ್ಕೆ ತಿರುಗಿಸಲು ಯಂತ್ರಕ್ಕೆ ಕೊಟ್ಟ ಆಜ್ಞೆಯೇ ಹೊರತು ನಡೆದದ್ದಕ್ಕೆ ಸಾಕ್ಷಿಯಲ್ಲ. ಬಲಸುತ್ತಿನ ಸ್ಕ್ರೂ ಜಾಬ್‌ನೊಳಗೆ ಇಳಿಯುವ ದಿಕ್ಕು ಅದು. ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು. ಬಗ್ಗಿ ಕೆಳಗಿನಿಂದ ನೋಡಿದವರಿಗೆ ಅದೇ ಉಲ್ಟಾ ಕಾಣುತ್ತದೆ. ಸರಿಯಾಗಿರುವ ಯಂತ್ರದ ಪ್ಯಾರಾಮೀಟರ್ ಬದಲಿಸಿ ಕೆಡಿಸಲು ಇಷ್ಟು ಸಾಕು.

ಕಣ್ಣಂತೂ ವೇಗದಲ್ಲಿ ಮೋಸಹೋಗುತ್ತದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ನಾಲ್ಕು ಹಲ್ಲಿನ ಎಂಡ್ ಮಿಲ್ 1500 ಆರ್‌ಪಿಎಂನಲ್ಲಿ ಸೆಕೆಂಡಿಗೆ 25 ಸುತ್ತು ಹೊಡೆಯುವಾಗ ಒಂದು ಜಾಗದಲ್ಲಿ ಹಾಯುವ ಹಲ್ಲುಗಳೂ 100. ಪ್ರತಿ ಮಿನುಗಿಗೂ ಹಲ್ಲು ಅದೇ ಜಾಗಕ್ಕೆ ಬಂದಿರುವುದರಿಂದ ಕಟರ್ ನಿಂತೇ ಇದೆ ಎನಿಸುತ್ತದೆ! ವೇಗ ಸ್ವಲ್ಪ ಇಳಿದರೆ ನಿಧಾನವಾಗಿ ಹಿಂದಕ್ಕೆ ತಿರುಗಿದಂತೆ ತೋರುತ್ತದೆ. ಮೊಬೈಲ್ ವಿಡಿಯೊದ್ದೂ ಇದೇ ಕಥೆ. ನಿಂತಿದೆಯೆಂದು ಕೈ ಚಾಚಿದರೆ ಬೆರಳು ಹೋಗುತ್ತದೆ. ಕೈಗವಸು ರಕ್ಷಿಸುತ್ತದೆ ಎನ್ನುವುದು ಇದಕ್ಕಿಂತ ಅಪಾಯದ ನಂಬಿಕೆ. ತಿರುಗುವ ಟೂಲ್ ಗವಸನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಬಟ್ಟೆ, ಕಾಟನ್ ವೇಸ್ಟ್ ತಾಗಿಸಿ ನೋಡುವುದೂ ಅಷ್ಟೇ.

ಸರಿಯಾದ ದಾರಿ ಸುಲಭ. ಕಟರ್ ಇಲ್ಲದ ಟೂಲ್ ಹೋಲ್ಡರ್ ಹಾಕಿ, ಯಂತ್ರ ನಿಂತಿರುವಾಗಲೇ ಅದರ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಬೇಕು. ಸ್ಪಿಂಡಲ್ ಅನ್ನು ಜಾಬ್‌ನಿಂದ ಮೇಲಕ್ಕೆತ್ತಿ, ಬಾಗಿಲು ಮುಚ್ಚಿ, ಆಜ್ಞೆಯನ್ನು ಕೈಯಾರೆ ಟೈಪ್ ಮಾಡುವ ಎಂಡಿಐ ಮೋಡ್‌ನಲ್ಲಿ ಎಸ್50 ಎಂ03 (ನಿಮಿಷಕ್ಕೆ 50 ಸುತ್ತು) ಕೊಟ್ಟು ಕಿಟಕಿಯಿಂದ ನೋಡಬೇಕು. ಬಾಗಿಲಿನ ಇಂಟರ್‌ಲಾಕ್ ಬೈಪಾಸ್ ಮಾಡುವ ಅಗತ್ಯವೇ ಇಲ್ಲ. ಲಂಬ ಸ್ಪಿಂಡಲ್ ಯಂತ್ರದ ಮುಂದೆ ನಿಂತವರಿಗೆ ಗೆರೆ ತಮ್ಮ ಕಡೆ ಬಂದಾಗ ಬಲದಿಂದ ಎಡಕ್ಕೆ ಸರಿದರೆ ದಿಕ್ಕು ಸರಿ. ಎಂ05 ಕೊಟ್ಟು ನಿಲ್ಲಿಸಿ, ಉಲ್ಟಾ ತಿರುಗಿಸುವ ಎಂ04ಕ್ಕೆ ಗೆರೆ ಎಡದಿಂದ ಬಲಕ್ಕೆ ಹೋಗುವುದನ್ನೂ ನೋಡಿಕೊಳ್ಳಬೇಕು.

ದಿಕ್ಕು ತಪ್ಪಿದ್ದರೆ ವೈರಿಗೆ ಕೈಹಾಕುವ ಮುನ್ನ ಎಮರ್ಜೆನ್ಸಿ ಬಟನ್ ಒತ್ತಿದರೆ ಸಾಲದು, ಅದು ಪ್ಯಾನೆಲ್‌ಗೆ ಬರುವ ಕರೆಂಟನ್ನು ಕಡಿಯುವುದಿಲ್ಲ. ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಬೇಕು. ಆಮೇಲೂ ಡ್ರೈವ್‌ನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಎರವಾಗುವಷ್ಟು ವಿದ್ಯುತ್ ಕೆಲ ನಿಮಿಷ ಉಳಿದಿರುತ್ತದೆ. ಡ್ರೈವ್ ಮೇಲೆ ಬರೆದಿರುವಷ್ಟು ಹೊತ್ತು ಕಾದು, ಮೀಟರ್ ಹಿಡಿದು ನೋಡಿದ ಮೇಲೆಯೇ ಎಲೆಕ್ಟ್ರಿಷಿಯನ್ ಕೆಲಸ ಶುರುಮಾಡಬೇಕು.