ನರದ ತುದಿಗೆ ಪ್ರೋಟೀನ್ ಎಲ್ಲಿಂದ ಬರುತ್ತದೆ?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ನಾನು ಕಾಮರ್ಸ್ ವಿದ್ಯಾರ್ಥಿನಿ. ಆದ್ದರಿಂದ ಒಂದು ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಕಾಲ್ಬೆರಳಿಗೆ ಮುಳ್ಳು ಚುಚ್ಚಿದರೆ ಅದನ್ನು ತಿಳಿಸುವ ನರಕೋಶದ ಮುಖ್ಯ ಭಾಗ, ಅಂದರೆ ಕೋಶಕಾಯ, ಕಾಲಿನಲ್ಲಿ ಇರುವುದಿಲ್ಲ. ಅದು ಬೆನ್ನುಮೂಳೆಯ ಪಕ್ಕದಲ್ಲಿ ಇರುತ್ತದೆ. ಅಲ್ಲಿಂದ ಕಾಲ್ಬೆರಳಿನವರೆಗೆ ಕೂದಲಿಗಿಂತ ಎಷ್ಟೋ ತೆಳುವಾದ ಒಂದೇ ಎಳೆ ಹೋಗುತ್ತದೆ. ಅದಕ್ಕೆ ಆಕ್ಸಾನ್ ಎಂದು ಹೆಸರು. ದೊಡ್ಡವರಲ್ಲಿ ಅದರ ಉದ್ದ ಸುಮಾರು 1 ಮೀಟರ್. ಆಕ್ಸಾನನ್ನು ಕಟ್ಟಿ ನಿಲ್ಲಿಸುವ ಕೆಲವು ಪ್ರೋಟೀನ್‌ಗಳು ಕೋಶಕಾಯದಲ್ಲಿ ತಯಾರಾಗಿ ದಿನಕ್ಕೆ ಸುಮಾರು 1 ಮಿಲಿಮೀಟರ್ ವೇಗದಲ್ಲಿ ಮುಂದಕ್ಕೆ ಸಾಗುತ್ತವೆ. 1 ಮೀಟರ್ ಅಂದರೆ 1000 ಮಿಲಿಮೀಟರ್. ಹಾಗಾದರೆ ತುದಿ ತಲುಪಲು 1000 ದಿನ ಬೇಕು. ನಾವು ಫಸ್ಟ್ ಪಿಯುಸಿಗೆ ಸೇರಿದ ದಿನ ಬೆನ್ನಿನಿಂದ ಹೊರಟ ಸಾಮಾನು, ನಾವು ಡಿಗ್ರಿ ಮೊದಲ ವರ್ಷ ಮುಗಿಸುವ ಹೊತ್ತಿಗೆ ಕಾಲ್ಬೆರಳಿಗೆ ಸಿಗುತ್ತದೆ!

ಆದರೆ ದೇಹದ ಎಷ್ಟೋ ಪ್ರೋಟೀನ್‌ಗಳು ಕೆಲವು ದಿನ ಅಥವಾ ಕೆಲವು ವಾರಗಳಲ್ಲೇ ಸವೆದು ಒಡೆದುಹೋಗುತ್ತವೆ. ಹೊಸದು ಬರುತ್ತಲೇ ಇರಬೇಕು. ಹೀಗಿರುವಾಗ ನರದ ತುದಿ ಬದುಕುವುದು ಹೇಗೆ? ಪೆಟ್ಟು ಬಿದ್ದಾಗ ರಿಪೇರಿ ಮಾಡಿಕೊಳ್ಳುವುದು ಹೇಗೆ?

ಸೈನ್ಸ್ ವಿಭಾಗದ ಗೆಳತಿಯರು "ನಿನಗ್ಯಾಕೆ ಇದೆಲ್ಲ?" ಎಂದು ಕೇಳಿದರು. ಕಾರಣ ನಮ್ಮ ಮನೆಯಲ್ಲೇ ಇದೆ. ನಮ್ಮ ಭಾಯಿ ಕಿಟಕಿಗಳಿಗೆ ಅಲ್ಯೂಮಿನಿಯಂ ಚೌಕಟ್ಟು ಮತ್ತು ಗಾಜು ಕೂರಿಸುವ ಕೆಲಸ ಮಾಡುತ್ತಾರೆ. ಕಳೆದ ವರ್ಷ ಗಾಜು ಜಾರಿ ಅವರ ಬಲಗೈ ಮಣಿಕಟ್ಟು ಆಳವಾಗಿ ಕುಯ್ದುಹೋಯಿತು. ಕಿರುಬೆರಳು ಪೂರ್ತಿ, ಉಂಗುರ ಬೆರಳು ಅರ್ಧ "ಸುನ್" ಆಗಿವೆ ಎಂದರು. ಸುನ್ ಅಂದರೆ ಮುಟ್ಟಿದರೂ ತಿಳಿಯದ ಹಾಗೆ ಆಗುವುದು. ಆಪರೇಷನ್ ಮಾಡಿ, ತುಂಡಾದ ನರದ ಎರಡು ತುದಿಗಳನ್ನು ಜೋಡಿಸಿ ಹೊಲಿದ ಡಾಕ್ಟರ್, "ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಕಾಯಬೇಕು" ಎಂದರು. ನಾನು ಸ್ಕೇಲ್ ಇಟ್ಟು ಅಳೆದೆ. ಗಾಯದಿಂದ ಕಿರುಬೆರಳ ತುದಿಗೆ 17 ಸೆಂಟಿಮೀಟರ್. ಅಂದರೆ 170 ದಿನ, ಹೆಚ್ಚುಕಡಿಮೆ ಆರು ತಿಂಗಳು. ಅಬ್ಬಾ ಗಾರೆ ಕೆಲಸದ ಮೇಸ್ತ್ರಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಗೋಡೆ ಏಳೋ ಜಾಗಕ್ಕೆ ಇಟ್ಟಿಗೆ ಬರಬೇಕಲ್ಲ, ಅದು ಎಲ್ಲಿಂದ ಬರುತ್ತೆ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ದೋಸೆ ಕಳಿಸುವುದೋ, ಹಿಟ್ಟು ಕಳಿಸುವುದೋ?

ಹತ್ತನೇ ತರಗತಿಯವರೆಗೆ ಓದಿದ್ದನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಕೋಶಕಾಯದ ಒಳಗೆ ಕೋಶಕೇಂದ್ರ ಇದೆ. ಅದರಲ್ಲಿ ಡಿಎನ್‌ಎ ಇದೆ. ಯಾವ ಪ್ರೋಟೀನ್ ಹೇಗೆ ಮಾಡಬೇಕು ಎಂಬುದು ಡಿಎನ್‌ಎಯಲ್ಲಿ ಬರೆದಿರುತ್ತದೆ. ಡಿಎನ್‌ಎ ಮನೆಯ ಮೂಲ ಪತ್ರದ ಹಾಗೆ, ಬೀರು ಬಿಟ್ಟು ಹೊರಗೆ ಬರುವುದಿಲ್ಲ. ಬೇಕಾದ ಭಾಗದ ಒಂದು ನಕಲು ಮಾತ್ರ ಹೊರಗೆ ಬರುತ್ತದೆ. ಆ ನಕಲಿಗೆ ಎಂ-ಆರ್‌ಎನ್‌ಎ ಎನ್ನುತ್ತಾರೆ. ರೈಬೋಸೋಮ್ ಎಂಬ ಪುಟ್ಟ ಯಂತ್ರ ಆ ನಕಲನ್ನು ಓದಿ, ಅಮೈನೋ ಆಮ್ಲಗಳನ್ನು ಒಂದೊಂದಾಗಿ ಪೋಣಿಸಿ ಪ್ರೋಟೀನ್ ಮಾಡುತ್ತದೆ.

ಈಗ ನಮ್ಮ ದಾವಣಗೆರೆಯ ಬೆಣ್ಣೆದೋಸೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನವರಿಗೆ ಅದು ಬೇಕು. ಇಲ್ಲೇ ಹೊಯ್ದು ಬಸ್ಸಿಗೆ ಹಾಕಿದರೆ ಅಲ್ಲಿಗೆ ತಲುಪುವಾಗ ತಣ್ಣಗಾಗಿ ರಬ್ಬರ್ ಆಗಿರುತ್ತದೆ. ಅದಕ್ಕೇ ಯಾರೂ ದೋಸೆ ಕಳಿಸುವುದಿಲ್ಲ. ಮಾಡುವ ವಿಧಾನ ಅಲ್ಲಿಗೆ ಹೋಗುತ್ತದೆ. ಕಾವಲಿ, ಹಿಟ್ಟು, ಬೆಣ್ಣೆ ಅಲ್ಲೇ ಇರುತ್ತವೆ. ಗಿರಾಕಿ ಕೇಳಿದಾಗ ಅಲ್ಲೇ ಹೊಯ್ದು ಕೊಡುತ್ತಾರೆ.

ಆಕ್ಸಾನ್ ಕೂಡ ಹೀಗೇ ಮಾಡುತ್ತದೆ. ಕೋಶಕಾಯ ಎಲ್ಲ ಪ್ರೋಟೀನನ್ನೂ ತಾನೇ ಮಾಡಿ ಕಳಿಸುವುದಿಲ್ಲ. ಕೆಲವು ಎಂ-ಆರ್‌ಎನ್‌ಎಗಳನ್ನು, ಅಂದರೆ ಮಾಡುವ ವಿಧಾನದ ಚೀಟಿಗಳನ್ನು, ತುದಿಯ ಕಡೆಗೆ ಕಳಿಸುತ್ತದೆ. ದಾರಿಯಲ್ಲಿ ಯಾರೂ ಓದದಂತೆ ಬೇರೆ ಪ್ರೋಟೀನ್‌ಗಳು ಆ ಚೀಟಿಯನ್ನು ಸುತ್ತಿ ಪೊಟ್ಟಣ ಕಟ್ಟಿರುತ್ತವೆ. ಆಕ್ಸಾನಿನ ಒಳಗೆ ಸೂಕ್ಷ್ಮನಾಳ ಎಂಬ ಹಳಿಗಳಿವೆ. ಕೈನೆಸಿನ್ ಎಂಬ ಪ್ರೋಟೀನ್ ಹೊರೆ ಹೊತ್ತು ಈ ಹಳಿಯ ಮೇಲೆ ತುದಿಯ ಕಡೆಗೆ ನಡೆಯುತ್ತದೆ. ಡೈನೀನ್ ಎಂಬುದು ಹೊರೆ ಹೊತ್ತು ಕೋಶಕಾಯದ ಕಡೆಗೆ ವಾಪಸ್ ಬರುತ್ತದೆ. ಹೀಗೆ ಹೊತ್ತೊಯ್ಯುವ ವೇಗದ ಸಾಗಣೆ ದಿನಕ್ಕೆ 400 ಮಿಲಿಮೀಟರ್‌ವರೆಗೂ ಇರುತ್ತದೆ. ತುದಿಗೆ ಬಂದ ಚೀಟಿ ಸುಮ್ಮನೆ ಕಾಯುತ್ತದೆ. ಅಗತ್ಯದ ಸೂಚನೆ ಸಿಕ್ಕಾಗ ಪೊಟ್ಟಣ ಬಿಚ್ಚಿ, ಅಲ್ಲೇ ಇರುವ ರೈಬೋಸೋಮ್ ಪ್ರೋಟೀನ್ ಮಾಡುತ್ತದೆ. ಒಂದು ಚೀಟಿಯಿಂದ ಒಂದಲ್ಲ, ಅನೇಕ ಪ್ರತಿ ಪ್ರೋಟೀನ್ ಮಾಡಬಹುದು. ಹಾಗಾಗಿ ಸಾಗಣೆ ಖರ್ಚೂ ಉಳಿತಾಯ. ಬಿಸಿನೆಸ್ ಸ್ಟಡೀಸ್‌ನಲ್ಲಿ ನಾವು ಓದುವ ವಿಕೇಂದ್ರೀಕರಣ ಇದೇ ಅಲ್ಲವೇ!

ಬಹಳ ವರ್ಷ ಒಪ್ಪದ ಮಾತು

ಇದನ್ನು ವಿಜ್ಞಾನಿಗಳು ಸುಲಭವಾಗಿ ಒಪ್ಪಲಿಲ್ಲ. 1948ರಲ್ಲಿ ಪಾಲ್ ವೈಸ್ ಮತ್ತು ಹೆಲೆನ್ ಹಿಸ್ಕೋ ಪ್ರಾಣಿಗಳ ನರವನ್ನು ಒಂದು ಕಡೆ ಬಿಗಿಯಾಗಿ ಅದುಮಿ ನೋಡಿದರು. ಕೋಶಕಾಯದ ಬದಿಯಲ್ಲಿ ಆಕ್ಸಾನ್‌ಗಳು ಊದಿಕೊಂಡವು. ಒಡ್ಡು ಕಟ್ಟಿದರೆ ನೀರು ಮೇಲ್ಗಡೆ ನಿಲ್ಲುವ ಹಾಗೆ. ಸಾಮಾನು ಕೋಶಕಾಯದಿಂದಲೇ ಹರಿದು ಬರುತ್ತದೆ ಎಂಬುದು ಖಚಿತವಾಯಿತು. ದಿನಕ್ಕೆ ಸುಮಾರು 1 ಮಿಲಿಮೀಟರ್ ಎಂಬ ಲೆಕ್ಕವೂ ಅಲ್ಲಿ ಬಂತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬೆಳೆದ ಆಕ್ಸಾನ್‌ಗಳಲ್ಲಿ ರೈಬೋಸೋಮ್ ಸುಲಭವಾಗಿ ಕಾಣಲೂ ಇಲ್ಲ. ಹಾಗಾಗಿ "ಆಕ್ಸಾನ್ ತಾನೇನೂ ಮಾಡಿಕೊಳ್ಳುವುದಿಲ್ಲ, ಕಳಿಸಿದ್ದನ್ನು ತೆಗೆದುಕೊಳ್ಳುತ್ತದೆ ಅಷ್ಟೇ" ಎಂಬ ಮಾತು ಪಠ್ಯಪುಸ್ತಕಗಳಲ್ಲಿ ನಿಂತುಬಿಟ್ಟಿತು.

ಆದರೆ ಈ ಮಾತಿಗೆ ಹೊಂದದ ಸಾಕ್ಷಿಗಳೂ ಬರುತ್ತಿದ್ದವು. 1960ರಲ್ಲಿ ಎಡ್ವರ್ಡ್ ಕೋನಿಗ್ ಮತ್ತು ಜೊತೆಗಾರರು ಬೆಕ್ಕಿನ ನರಗಳಲ್ಲಿ ಒಂದು ಕಿಣ್ವವನ್ನು ಔಷಧದಿಂದ ಪೂರ್ತಿ ಕೆಲಸಕ್ಕೆ ಬಾರದಂತೆ ಮಾಡಿದರು. ಆಮೇಲೆ ಅದು ಮತ್ತೆ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಕಾದು ನೋಡಿದರು. ಭದ್ರಾ ನಾಲೆಯನ್ನು ನೋಡಿದವರಿಗೆ ಇದರ ತರ್ಕ ಬೇಗ ತಿಳಿಯುತ್ತದೆ. ನೀರು ಅಣೆಕಟ್ಟಿನಿಂದ ಬರುವುದಾದರೆ ಮೊದಲು ಮೇಲಿನ ಗದ್ದೆಗೆ, ಕೊನೆಗೆ ಕೊನೆಭಾಗದ ರೈತರ ಗದ್ದೆಗೆ. ಎಲ್ಲ ಗದ್ದೆಯೂ ಒಟ್ಟಿಗೇ ಒದ್ದೆಯಾದರೆ? ಅಲ್ಲಲ್ಲೇ ಬಾವಿ ಇರಬೇಕು. ಆ ನರಗಳಲ್ಲಿ ಆದದ್ದು ಹಾಗೇ. ಕಿಣ್ವ ನರದ ಉದ್ದಕ್ಕೂ ಹೆಚ್ಚುಕಡಿಮೆ ಒಟ್ಟಿಗೇ ಮರಳಿತು.

1968ರಲ್ಲಿ ಆಂಟೊನಿಯೊ ಜುಡಿಟ್ಟಾ ಮತ್ತು ಸಂಗಡಿಗರು ಸ್ಕ್ವಿಡ್ ಮೇಲೆ ಪ್ರಯೋಗ ಮಾಡಿದರು. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಜೀವಿ ಇದು. ಇದರಲ್ಲಿ 1 ಮಿಲಿಮೀಟರ್‌ವರೆಗೆ ದಪ್ಪ ಇರುವ, ಬರಿಗಣ್ಣಿಗೇ ಕಾಣುವ ಆಕ್ಸಾನ್ ಇದೆ. ಅದನ್ನು ಕೋಶಕಾಯದಿಂದ ಬೇರ್ಪಡಿಸಿದ ಮೇಲೂ ಅದರಲ್ಲಿ ಹೊಸ ಪ್ರೋಟೀನ್ ತಯಾರಾಯಿತು. ಆದರೂ ಅನುಮಾನ ಹೋಗಲಿಲ್ಲ. ಆಕ್ಸಾನಿಗೆ ಹೊದಿಕೆಯಾಗಿರುವ ಪಕ್ಕದ ಕೋಶಗಳು ಮಾಡಿ ಕೊಟ್ಟಿರಬಹುದಲ್ಲ ಎಂಬುದು ಆಕ್ಷೇಪಣೆ. ನ್ಯಾಯವಾದ ಆಕ್ಷೇಪಣೆಯೇ.

2001ರಲ್ಲಿ ಡಗ್ಲಸ್ ಕ್ಯಾಂಪ್‌ಬೆಲ್ ಮತ್ತು ಕ್ರಿಸ್ಟೀನ್ ಹೋಲ್ಟ್ ಆಫ್ರಿಕಾದ ಒಂದು ಜಾತಿಯ ಕಪ್ಪೆಯ ಭ್ರೂಣದ ಕಣ್ಣಿನ ನರಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದರು. ಬೆಳೆಯುವ ಆಕ್ಸಾನಿನ ತುದಿಯಲ್ಲಿ ಅಂಗೈಯಂತೆ ಅಗಲವಾದ ಒಂದು ಭಾಗವಿರುತ್ತದೆ. ಅದು ಮುಂದಿನ ದಾರಿಯನ್ನು ತಡಕುತ್ತಾ ಹೋಗುತ್ತದೆ. ಆ ತುದಿಯನ್ನು ಕೋಶಕಾಯದಿಂದ ಕತ್ತರಿಸಿ, ದಾರಿ ತೋರಿಸುವ ಒಂದು ಪ್ರೋಟೀನನ್ನು ಒಂದು ಪಕ್ಕಕ್ಕೆ ಬಿಟ್ಟರು. ತುಂಡಾದ ತುದಿ ಆ ಕಡೆಗೇ ತಿರುಗಿತು! ಪ್ರೋಟೀನ್ ತಯಾರಿಕೆಯನ್ನು ತಡೆಯುವ ಔಷಧ ಹಾಕಿದಾಗ ತಿರುಗಲಿಲ್ಲ. ಅಂದರೆ ತಿರುಗಲು ಬೇಕಾದ ಪ್ರೋಟೀನನ್ನು ತುದಿಯೇ, ಕೆಲವೇ ನಿಮಿಷಗಳಲ್ಲಿ, ಮಾಡಿಕೊಳ್ಳುತ್ತಿತ್ತು. ತುದಿಯ ಯಾವ ಪಕ್ಕಕ್ಕೆ ಸೂಚನೆ ಬರುತ್ತದೋ ಆ ಪಕ್ಕದಲ್ಲೇ ಆಕ್ಟಿನ್ ಎಂಬ ಕಟ್ಟಡದ ಪ್ರೋಟೀನ್ ಹೆಚ್ಚು ತಯಾರಾಗುತ್ತದೆ ಎಂಬುದೂ 2006ರಲ್ಲಿ ಗೊತ್ತಾಯಿತು. ಅಬ್ಬಾ ಹೇಳಿದ ಇಟ್ಟಿಗೆ ಇದೇ. ಗೋಡೆ ಏಳುವ ಜಾಗದಲ್ಲೇ ಇಟ್ಟಿಗೆಯ ಗೂಡು!

ಇದು ಬೆಳೆಯುವ ಮರಿಗಳಿಗೆ ಮಾತ್ರ ಸೀಮಿತವೂ ಅಲ್ಲ. ಬೆಳೆದ ಇಲಿಗಳ ಮೆದುಳಿನೊಳಗಿನ ಆಕ್ಸಾನ್ ತುದಿಗಳಲ್ಲಿಯೂ ರೈಬೋಸೋಮ್‌ಗಳು ಎಂ-ಆರ್‌ಎನ್‌ಎ ಹಿಡಿದು ಕೆಲಸ ಮಾಡುತ್ತಿರುವುದನ್ನು ಹೋಲ್ಟ್ ಅವರ ತಂಡ 2016ರಲ್ಲಿ ತೋರಿಸಿತು.

ಗಾಯದ ಸುದ್ದಿ ಮುಟ್ಟಿಸುವವರು

ಭಾಯಿಯ ಕೈಗೆ ಹತ್ತಿರವಾದ ಭಾಗ ಇದು. ಮಣಿಕಟ್ಟಿನಲ್ಲಿ ನರ ತುಂಡಾದರೆ ಕುತ್ತಿಗೆಯ ಹತ್ತಿರ ಇರುವ ಕೋಶಕಾಯಕ್ಕೆ ಅದು ಹೇಗೆ ಗೊತ್ತಾಗಬೇಕು? ಗೊತ್ತಾಗದಿದ್ದರೆ ಅದು ರಿಪೇರಿಗೆ ತಯಾರಾಗುವುದಿಲ್ಲ.

ಇಲಿಯ ಕಾಲಿನ ದೊಡ್ಡ ನರದಲ್ಲಿ ಮೈಕ್ ಫೈನ್‌ಜಿಲ್ಬರ್ ಅವರ ತಂಡ 2003ರಲ್ಲಿ ಇದಕ್ಕೆ ಉತ್ತರ ಕಂಡುಕೊಂಡಿತು. ಇಂಪೋರ್ಟಿನ್ ಬೀಟಾ ಎಂಬ ಪ್ರೋಟೀನಿನ ಚೀಟಿ ಆಕ್ಸಾನಿನಲ್ಲಿ ಮೊದಲೇ ಬಂದು ಕಾದಿರುತ್ತದೆ. ಗಾಯವಾದ ಕೂಡಲೇ ಆ ಜಾಗದಲ್ಲೇ ಆ ಪ್ರೋಟೀನ್ ತಯಾರಾಗುತ್ತದೆ. ಅದು ಗಾಯದ ಸುದ್ದಿಯನ್ನು ಹಿಡಿದು ಡೈನೀನ್ ಜೊತೆ ಸೇರಿ ಕೋಶಕಾಯಕ್ಕೆ ಹೋಗುತ್ತದೆ. ಸುದ್ದಿ ಮುಟ್ಟಿದ ಮೇಲೆ ಕೋಶಕೇಂದ್ರ ಬೆಳವಣಿಗೆಗೆ ಬೇಕಾದ ಹೊಸ ನಕಲುಗಳನ್ನು ಬರೆಯಲು ಶುರು ಮಾಡುತ್ತದೆ.

ಇದು ನಿಜಕ್ಕೂ ಮುಖ್ಯವೇ ಎಂದು 2012ರಲ್ಲಿ ಅದೇ ತಂಡ ಪರೀಕ್ಷಿಸಿತು. ಕೋಶಕಾಯದಲ್ಲಿ ಈ ಪ್ರೋಟೀನ್ ಇದ್ದು, ಆಕ್ಸಾನಿಗೆ ಮಾತ್ರ ಚೀಟಿ ಸರಿಯಾಗಿ ಹೋಗದಂತಹ ಇಲಿಗಳನ್ನು ತಯಾರಿಸಿದರು. ನರಕ್ಕೆ ಪೆಟ್ಟಾದ ಮೇಲೆ ಆ ಇಲಿಗಳು ಮೊದಲಿನಂತೆ ನಡೆಯಲು ಹೆಚ್ಚು ದಿನ ಹಿಡಿಯಿತು. ಮುಖ್ಯ ಕಚೇರಿಯಲ್ಲಿ ಎಲ್ಲವೂ ಇದ್ದು ಶಾಖೆಯಲ್ಲಿ ಒಂದು ಚೀಟಿ ಇಲ್ಲದಿದ್ದರೆ ಎಷ್ಟು ನಷ್ಟ ನೋಡಿ.

ಇದನ್ನೆಲ್ಲ ಓದಿ ನಾನು ಭಾಯಿಗೆ ಉರ್ದುವಿನಲ್ಲಿ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು "ಹಾಗಾದರೆ ಒಳಗೆ ಕೆಲಸ ನಡೀತಿದೆ" ಎಂದರು. ಆಗ ಅವರಿಗೆ ಶರ್ಟಿನ ಗುಂಡಿ ಹಾಕಲೂ ಆಗುತ್ತಿರಲಿಲ್ಲ, ಸ್ಕ್ರೂಡ್ರೈವರ್ ಹಿಡಿತ ಜಾರುತ್ತಿತ್ತು, ಕೈಕೆಲಸ ಬಿಟ್ಟು ಬೇರೆ ಏನು ಮಾಡುವುದೆಂದು ರಾತ್ರಿ ಕೂತು ಯೋಚಿಸುತ್ತಿದ್ದರು. ಪ್ರತಿ ಸಲ ತೋರಿಸಲು ಹೋದಾಗ ಡಾಕ್ಟರ್ ಅವರ ಕೈ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ. ಹೊಸ ಆಕ್ಸಾನಿನ ತುದಿ ಎಲ್ಲಿವರೆಗೆ ಬಂದಿದೆಯೋ ಅಲ್ಲಿ ಜುಂ ಎನ್ನುತ್ತದೆ. ಮೊದಲು ಮಣಿಕಟ್ಟಿನಲ್ಲಿದ್ದ ಆ ಜುಂ ಆಮೇಲೆ ಅಂಗೈಗೆ ಬಂತು, ಈಗ ಕಿರುಬೆರಳಿನ ಬುಡ ದಾಟಿದೆ. ನನ್ನ ಲೆಕ್ಕಕ್ಕಿಂತ ನಿಧಾನ. ಆದರೆ ನಿಂತಿಲ್ಲ.

ಹೆಚ್ಚು ಹೇಳಬಾರದು

ಆಕ್ಸಾನಿಗೆ ಬೇಕಾದುದೆಲ್ಲ ತುದಿಯಲ್ಲೇ ತಯಾರಾಗುತ್ತದೆ ಎಂದು ಯಾರೂ ತಿಳಿಯಬಾರದು. ಕೋಶಕಾಯದಿಂದ ಬರುವ ಸರಬರಾಜು ಬೇಕೇ ಬೇಕು. ಕೋಶಕಾಯದಿಂದ ತುಂಡಾಗಿ ಆಚೆ ಉಳಿದ ಆಕ್ಸಾನ್ ಭಾಗ ಕೆಲವು ದಿನಗಳಲ್ಲಿ ಕರಗಿಹೋಗುತ್ತದೆ. ಬೆಳೆಯುವುದು ಕೋಶಕಾಯಕ್ಕೆ ಅಂಟಿಕೊಂಡ ಈಚೆಯ ತುದಿ. ಕೈಕಾಲಿನ ನರಗಳು ಹೀಗೆ ಬೆಳೆಯಬಲ್ಲವು. ದೊಡ್ಡವರ ಮೆದುಳು ಮತ್ತು ಬೆನ್ನುಹುರಿಯಲ್ಲಿ ತುಂಡಾದ ಆಕ್ಸಾನ್‌ಗಳು ಹೀಗೆ ದೂರ ಬೆಳೆದು ಮತ್ತೆ ಜೋಡಿಕೊಳ್ಳುವುದಿಲ್ಲ. ಸಂಬಂಧಪಟ್ಟ ಸ್ನಾಯುವೂ ಎಷ್ಟೋ ವರ್ಷ ಕಾಯುವುದಿಲ್ಲ. ಬಹಳ ತಡವಾದರೆ ಅದು ಬತ್ತಿಹೋಗುತ್ತದೆ, ನರ ಬಂದರೂ ಉಪಯೋಗವಿಲ್ಲ. ಆದ್ದರಿಂದ ಸಮಯಕ್ಕೆ ಹೊಲಿಗೆ ಮತ್ತು ಬಿಡದೆ ಮಾಡುವ ವ್ಯಾಯಾಮ, ಎರಡೂ ಬೇಕು.

ನಮ್ಮ ಕಾಲೇಜಿನ ಎಷ್ಟೋ ಜನರ ಮನೆಯಲ್ಲಿ ಗ್ಯಾರೇಜ್, ವೆಲ್ಡಿಂಗ್, ಬಡಗಿ ಕೆಲಸ, ಗಾಜಿನ ಕೆಲಸ ಮಾಡುವವರಿದ್ದಾರೆ. ಅವರಿಗೆ ಇಷ್ಟು ಹೇಳಿ. ಕೈ ಕುಯ್ದಾಗ ರಕ್ತ ನಿಂತಿತು, ಚರ್ಮಕ್ಕೆ ಹೊಲಿಗೆ ಬಿತ್ತು ಎಂದು ಮನೆಗೆ ಬರಬೇಡಿ. ಗಾಯದ ಮುಂದಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳಿ. ಸ್ಪರ್ಶ ತಿಳಿಯದಿದ್ದರೆ ಅಥವಾ ಬೆರಳು ಮಡಚಲು, ಅಗಲಿಸಲು ಆಗದಿದ್ದರೆ ಅದೇ ದಿನ ಡಾಕ್ಟರಿಗೆ ಹೇಳಿ. ನರದ ತುದಿ ತನ್ನ ಕೆಲಸವನ್ನು ಆ ನಿಮಿಷದಿಂದಲೇ ಶುರು ಮಾಡಿರುತ್ತದೆ. ನಾವು ತಡ ಮಾಡಬಾರದು.