ಕೀ ತಿರುಗುತ್ತೆ, ಎಂಜಿನ್ ತಿರುಗಲ್ಲ

ಹಳೆಯ ಕಾರೊಂದು ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ನಿಂತರೆ ಸಾಕು, ಸಲಹೆಗೆ ಬರವಿಲ್ಲ. ಪೆಟ್ರೋಲ್ ಇದೆಯಾ ನೋಡಿ ಅಂತ ಒಬ್ಬರು, ಪ್ಲಗ್ ಬಿಚ್ಚಿ ಒರೆಸಿ ಅಂತ ಇನ್ನೊಬ್ಬರು, ಚೋಕ್ ಎಳೆದು ನೋಡಿ ಸಾರ್ ಅಂತ ಮತ್ತೊಬ್ಬರು. ಎಂಜಿನ್ ಗರಗರ ಸುತ್ತಿಯೂ ಹತ್ತಿಕೊಳ್ಳದಿದ್ದಾಗ ಈ ಮಾತುಗಳಿಗೆ ಅರ್ಥವಿದೆ. ಎಂಜಿನ್ ಸುತ್ತುವುದೇ ಇಲ್ಲ ಎಂದಾಗ ಪೆಟ್ರೋಲಿಗೂ ಪ್ಲಗ್ಗಿಗೂ ಅಲ್ಲಿ ಕೆಲಸವೇ ಇಲ್ಲ. ‘ಸೆಲ್ಫ್ ಹೊಡೀತಿಲ್ಲ’ ಎಂದು ಗ್ಯಾರೇಜಿನವರು ಹೇಳುವ ಈ ರೋಗದ ಮೂಲ ಹೆಚ್ಚಾಗಿ ಬ್ಯಾಟರಿ, ಅದರ ಕೇಬಲ್‌ಗಳು, ಇಗ್ನಿಷನ್ ಸ್ವಿಚ್, ಎಂಜಿನ್ ಸುತ್ತಿಸುವ ಸೆಲ್ಫ್ ಮೋಟಾರ್, ಇಷ್ಟರೊಳಗೇ ಇರುತ್ತದೆ.

ಜಾಗ ಇಷ್ಟು ಚಿಕ್ಕದಾದರೂ ಜನ ಹುಡುಕುವುದಿಲ್ಲ, ಕೊಳ್ಳುತ್ತಾರೆ. ಮೊದಲು ಹೊಸ ಬ್ಯಾಟರಿ. ಕೆಲವು ದಿನ ಬಿಟ್ಟು ಅದೇ ಕಾಯಿಲೆ ಮರುಕಳಿಸಿದಾಗ ಸೆಲ್ಫ್ ಮೋಟಾರ್. ಆಮೇಲೆ ಯಾರೋ ವಯಸ್ಸಾದ ಎಲೆಕ್ಟ್ರಿಷಿಯನ್ ಬಂದು ತುಕ್ಕು ಹಿಡಿದ ಒಂದು ಬೋಲ್ಟ್ ಬಿಚ್ಚಿ, ಉಜ್ಜಿ, ಬಿಗಿದು ಹೋಗುತ್ತಾರೆ. ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲೇ ನಿಂತಿತು, ಪ್ರೀಮಿಯರ್ ಪದ್ಮಿನಿಯದು ಅದಕ್ಕಿಂತ ಎಷ್ಟೋ ಮೊದಲೇ. ಇವತ್ತು ಓಡುತ್ತಿರುವ ಅಂಥ ಕಾರುಗಳೆಲ್ಲ ಹತ್ತಾರು ಮಳೆಗಾಲ ಕಂಡವು. ಮಂಗಳೂರು, ಕಾರವಾರದ ಕಡೆಯವಾದರೆ ಉಪ್ಪುಗಾಳಿಯನ್ನೂ ಕುಡಿದವು. ಅವುಗಳಲ್ಲಿ ಬಿಡಿಭಾಗಕ್ಕಿಂತ ಮೊದಲು ಜೋಡಣೆಯನ್ನು ಅನುಮಾನಿಸಬೇಕು ಎಂಬುದು ನನ್ನ ಪಕ್ಷ.

ಶುರು ಮಾಡಲು ಯಾವ ಉಪಕರಣವೂ ಬೇಡ. ಹೆಡ್‌ಲೈಟ್ ಹಾಕಿ, ಕಾರಿನ ಮುಂದೆ ಗೋಡೆಯಿದ್ದರೆ ಒಳ್ಳೆಯದು, ಕೀ ತಿರುಗಿಸಿ ಹಿಡಿಯಿರಿ. ಕಣ್ಣು ಬೆಳಕಿನ ಮೇಲಿರಲಿ, ಕಿವಿ ಬಾನೆಟ್ಟಿನ ಕಡೆಗಿರಲಿ. ಬೆಳಕು ಪೂರ್ತಿ ಮಂಕಾದರೆ ಅಥವಾ ಆರಿಹೋದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ಟರ್ಮಿನಲ್ ಕೆಟ್ಟಿದೆ, ಅಪರೂಪಕ್ಕೆ ಎಂಜಿನ್ನೇ ಹಿಡಿದುಕೊಂಡಿದೆ. ಬೆಳಕು ಕದಲದೆ ಸದ್ದೂ ಬಾರದಿದ್ದರೆ ಸೆಲ್ಫ್‌ಗೆ ಅಪ್ಪಣೆಯೇ ತಲುಪುತ್ತಿಲ್ಲ: ಇಗ್ನಿಷನ್ ಸ್ವಿಚ್ ಅಥವಾ ಸೊಲೆನಾಯ್ಡ್‌ಗೆ (ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಸ್ವಿಚ್ಚಿಗೆ) ಹೋಗುವ ಸಣ್ಣ ವೈರನ್ನು ನೋಡಬೇಕು. ಅಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದು ಕೀ ತಿರುಗಿಸಿದಾಗ ದೀಪ ಚೆನ್ನಾಗಿ ಹತ್ತಿದರೆ ವೈರು ನಿರಪರಾಧಿ. ಬೆಳಕು ಹಾಗೇ ಇದ್ದು ಒಂದೇ ಒಂದು ‘ಟಕ್’ ಕೇಳಿಸಿದರೆ ಸೊಲೆನಾಯ್ಡ್ ಒಳಗಿನ ತಾಮ್ರದ ಬಿಲ್ಲೆ ಸುಟ್ಟಿರಬಹುದು, ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು.

‘ಟಕ ಟಕ ಟಕ’ ಎಂದು ಎಡೆಬಿಡದೆ ಬಡಿದುಕೊಳ್ಳುವುದನ್ನು ಕೇಳಿ ಸೊಲೆನಾಯ್ಡ್ ಹೋಯಿತು ಎಂದುಕೊಳ್ಳುವವರೇ ಹೆಚ್ಚು. ಅದು ಪಾಪ, ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಕೀ ತಿರುಗಿದೊಡನೆ ಅದು ಎಳೆದುಕೊಂಡು ಮೋಟಾರಿಗೆ ಬ್ಯಾಟರಿಯನ್ನು ಜೋಡಿಸುತ್ತದೆ. ಮೋಟಾರ್ ಕರೆಂಟ್ ಎಳೆದ ಕೂಡಲೇ ದುರ್ಬಲ ಬ್ಯಾಟರಿಯ ವೋಲ್ಟೇಜ್ ಕುಸಿದು, ಎಳೆದುಕೊಂಡದ್ದನ್ನು ಹಿಡಿದಿಡುವ ಶಕ್ತಿಯೂ ಸೊಲೆನಾಯ್ಡ್‌ಗೆ ಉಳಿಯದೆ ಕೈಬಿಡುತ್ತದೆ. ಬಿಟ್ಟ ತಕ್ಷಣ ಹೊರೆ ಇಳಿದು ವೋಲ್ಟೇಜ್ ಚೇತರಿಸುತ್ತದೆ, ಮತ್ತೆ ಎಳೆಯುತ್ತದೆ.

‘ಹಾರ್ನ್ ಜೋರಾಗಿ ಹೊಡೀತಿದೆ, ಬ್ಯಾಟರಿಗೆ ಏನೂ ಆಗಿಲ್ಲ’ ಎಂಬ ವಾದವನ್ನು ನಂಬಬೇಡಿ. ಹಾರ್ನ್‌ಗೆ ನಾಲ್ಕೈದು ಆಂಪಿಯರ್ ಸಾಕು, ಡ್ಯಾಶ್‌ಬೋರ್ಡಿನ ದೀಪಕ್ಕೆ ಅರ್ಧವೂ ಬೇಡ. ಸಣ್ಣ ಪೆಟ್ರೋಲ್ ಎಂಜಿನ್ ಸುತ್ತಿಸಲು ಸೆಲ್ಫ್ ಮೋಟಾರ್ ಎಳೆಯುವುದು ನೂರು, ನೂರೈವತ್ತು ಆಂಪಿಯರ್. ಕಿರಿದಾದ ಬಾಗಿಲಲ್ಲಿ ಇಬ್ಬರು ಮೂವರು ಸರಾಗವಾಗಿ ದಾಟುತ್ತಾರೆ. ತೇರಿನ ದಿನ ಊರೇ ನುಗ್ಗಿದಾಗ ತಾನೆ ಅದು ಕಿರಿದು ಎಂದು ತಿಳಿಯುವುದು. ಲೆಕ್ಕದಲ್ಲೇ ನೋಡಿ: ಟರ್ಮಿನಲ್‌ನ ಕೊಳೆಯಿಂದ ಬರೀ 0.01 ಓಮ್ ತಡೆ ಹುಟ್ಟಿದೆ ಎನ್ನೋಣ. ಹಾರ್ನ್ ಹೊಡೆದರೆ ಅಲ್ಲಿ ಕಳೆದುಹೋಗುವುದು ಒಂದು ವೋಲ್ಟಿನ ಇಪ್ಪತ್ತನೇ ಒಂದು ಪಾಲು. 150 ಆಂಪಿಯರ್ ಹರಿದರೆ ಒಂದೂವರೆ ವೋಲ್ಟ್ ಅಲ್ಲೇ ಶಾಖವಾಗಿ ಹೋಯಿತು. ಅದಕ್ಕೇ ಒಂದೆರಡು ಸಲ ಕೀ ತಿರುಗಿಸಿದ ಮೇಲೆ ಟರ್ಮಿನಲ್‌ಗಳನ್ನು ಬೆರಳ ತುದಿಯಿಂದ ಹುಷಾರಾಗಿ ಮುಟ್ಟಿ ನೋಡಬೇಕು. ಬಿಸಿಯಾಗಿದ್ದರೆ ಕಳ್ಳ ಸಿಕ್ಕಿದ ಹಾಗೆಯೇ.

ಮಲ್ಟಿಮೀಟರ್ ಇದ್ದವರೂ ಇಲ್ಲೇ ಎಡವುತ್ತಾರೆ. ಸುಮ್ಮನೆ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ, 12.2 ಇದ್ದರೆ ಅರ್ಧ, 12ಕ್ಕೆ ಬಂದಿದ್ದರೆ ಹೆಚ್ಚುಕಡಿಮೆ ಬರಿದು. ಆದರೆ ತುಂಬಿದ ಬ್ಯಾಟರಿಯಲ್ಲೂ ಒಂದು ಸೆಲ್ ದುರ್ಬಲವಾಗಿರಬಹುದು, ಪ್ಲೇಟ್‌ಗಳು ಸವೆದಿರಬಹುದು. ಕೀ ಹಿಡಿಯಲು ಇನ್ನೊಬ್ಬರನ್ನು ಕೂರಿಸಿ, ಹೊರೆ ಬಿದ್ದ ಹೊತ್ತಿನಲ್ಲಿ ಅಳೆಯಿರಿ. ಹತ್ತು ವೋಲ್ಟಿಗಿಂತ ಬಹಳ ಕೆಳಗೆ ಜಾರಿದರೆ ಚಾರ್ಜ್ ಮಾಡಿಸಿ ಮತ್ತೆ ಪರೀಕ್ಷಿಸಬೇಕು. ಆಗಲೂ ಜಾರಿದರೆ ಹೊಸದು ತರಲು ಅಡ್ಡಿಯಿಲ್ಲ. ಹನ್ನೊಂದರ ಆಸುಪಾಸಲ್ಲೇ ನಿಂತೂ ಎಂಜಿನ್ ಸುತ್ತದಿದ್ದರೆ ಬ್ಯಾಟರಿಯನ್ನು ಬಿಟ್ಟು ಕೇಬಲ್‌ನ ಬೆನ್ನು ಹತ್ತಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಕಂಬಕ್ಕೇ ಇರಲಿ, ಅದರ ಮೇಲಿನ ಕ್ಲಾಂಪಿಗಲ್ಲ. ಇನ್ನೊಂದು ಸೆಲ್ಫ್ ಮೋಟಾರಿನ ದಪ್ಪ ಟರ್ಮಿನಲ್‌ಗೆ. ಕೀ ತಿರುಗಿಸಿದಾಗ ಅರ್ಧ ವೋಲ್ಟ್ ಮೀರಿದರೆ ಆ ದಾರಿಯಲ್ಲಿ ಸೋರಿಕೆಯಿದೆ. ಕಂಬಕ್ಕೂ ಕ್ಲಾಂಪಿಗೂ ನಡುವೆ ಕಣ್ಣಿಗೆ ಕಾಣದ ಬೂದು ಪೊರೆಯೊಂದು ಕಟ್ಟಿಕೊಂಡಿರುತ್ತದೆ. ಮೇಲೆ ಬೆಳೆದ ಬಿಳಿ, ನೀಲಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು ಸಮಾಧಾನಪಟ್ಟರೆ ಸಾಲದು, ಒಳಮೈಯನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಬೇಕು.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸಾಗುವ ದಾರಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್‌ಗಳ ಮೇಲೆ. ಬ್ಯಾಟರಿಯ ನೆಗೆಟಿವ್ ಬಾಡಿಗೆ ಸೇರಿದ್ದರೆ, ಎಂಜಿನ್ನಿನಿಂದ ಕರೆಂಟ್ ವಾಪಸಾಗಲು ಜಡೆಯಂತೆ ಹೆಣೆದ ಒಂದು ತಾಮ್ರದ ಪಟ್ಟಿಯೇ ಗತಿ. ಎಣ್ಣೆ, ಕೆಸರು ಮೆತ್ತಿಕೊಂಡು ಕೆಳಗೆಲ್ಲೋ ಇರುವ ಅದನ್ನು ಸರ್ವಿಸ್‌ನಲ್ಲಿ ಯಾರೂ ಮುಟ್ಟುವುದಿಲ್ಲ. ಗೇರ್‌ಬಾಕ್ಸ್ ಇಳಿಸಿದಾಗ ಬಿಚ್ಚಿ, ಮತ್ತೆ ಹಾಕುವುದನ್ನು ಮರೆತ ಕಾರುಗಳೂ ಇವೆ. ಆಗ ಕರೆಂಟು ಸಿಕ್ಕಿದ ದಾರಿ ಹಿಡಿಯುತ್ತದೆ: ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗಿ ಹೊಗೆಯಾಡಿದರೆ ಕಾರ್ಬ್ಯುರೇಟರ್ ಬಿಚ್ಚಲು ಹೋಗಬೇಡಿ. ಜಂಪರ್ ಕೇಬಲ್‌ನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಕಚ್ಚಿಸಿ ಕೀ ತಿರುಗಿಸಿ. ಎಂಜಿನ್ ಸುತ್ತಿದರೆ ತನಿಖೆ ಮುಗಿಯಿತು, ಖರ್ಚು ಒಂದು ಅರ್ಥ್ ಪಟ್ಟಿಯದು.

ಮೋಟಾರ್ ಮಾತ್ರ ‘ಝೂಂ’ ಎಂದು ತಿರುಗಿ ಎಂಜಿನ್ ಕದಲದಿದ್ದರೆ ಕರೆಂಟಿನ ದೂರು ಮುಗಿಯಿತು, ಇನ್ನು ಹಲ್ಲಿನದು. ಫ್ಲೈವೀಲ್ ರಿಂಗಿಗೆ ಕಚ್ಚುವ ಮೋಟಾರಿನ ಹಲ್ಲುಚಕ್ರ, ಅಂದರೆ ಬೆಂಡಿಕ್ಸ್, ಜಾರುತ್ತಿದೆ, ಇಲ್ಲವೇ ಫ್ಲೈವೀಲ್ ರಿಂಗ್‌ನ ಹಲ್ಲು ಸವೆದಿದೆ. ರಿಂಗ್ ಸುತ್ತಲೂ ಒಂದೇ ಸಮ ಸವೆಯುವುದಿಲ್ಲ. ಆಫ್ ಆದ ಎಂಜಿನ್ ಕಂಪ್ರೆಶನ್ನಿನ ಎದುರು ತಡೆದು ಪ್ರತಿಸಲ ಹೆಚ್ಚುಕಡಿಮೆ ಅದೇ ಜಾಗಗಳಲ್ಲಿ ನಿಲ್ಲುತ್ತದೆ: ನಾಲ್ಕು ಸಿಲಿಂಡರಿನ ಅಂಬಾಸಿಡರ್‌ನಲ್ಲಿ ಎದುರುಬದುರಾಗಿ ಎರಡು ಕಡೆ, ಮೂರು ಸಿಲಿಂಡರಿನ ಮಾರುತಿಯಲ್ಲಿ ಮೂರು ಕಡೆ. ಬೆಂಡಿಕ್ಸ್ ಬಂದು ಕಚ್ಚುವುದು ಅಲ್ಲಲ್ಲೇ, ಹಲ್ಲು ತಿನ್ನುವುದೂ ಅಲ್ಲಲ್ಲೇ. ಇಗ್ನಿಷನ್ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ ಕಾರನ್ನು ಒಂದಿಷ್ಟು ತಳ್ಳಿದರೆ ಬೇರೆ ಹಲ್ಲು ಎದುರಾಗಿ ಆ ಹೊತ್ತಿಗೆ ಕೆಲಸ ನಡೆಯುತ್ತದೆ. ಲ್ಯೂಕಸ್‌ನ ಹಳೆಯ ಮಾದರಿಯ ಮೋಟಾರ್‌ಗಳಲ್ಲಿ ಹಲ್ಲು ಸಿಕ್ಕಿಹಾಕಿಕೊಳ್ಳುವುದು ಎಷ್ಟು ಮಾಮೂಲಾಗಿತ್ತೆಂದರೆ, ಸ್ಪ್ಯಾನರ್‌ನಿಂದ ತಿರುಗಿಸಿ ಬಿಡಿಸಲು ಆರ್ಮೇಚರ್ ದಂಡದ ತುದಿಯನ್ನು ಚೌಕಾಕಾರವಾಗಿಯೇ ಮಾಡಿಟ್ಟಿದ್ದರು. ಕೆಡುವುದನ್ನು ಒಪ್ಪಿಕೊಂಡು ರಿಪೇರಿಗೂ ಜಾಗ ಬಿಟ್ಟ ಅಂಥ ವಿನ್ಯಾಸ ನನಗೆ ಇಷ್ಟ.

ಸೆಲ್ಫ್ ಬಂದದ್ದು 1912ರ ಕ್ಯಾಡಿಲಾಕ್‌ನಲ್ಲಿ. ರೂಪಿಸಿದ ಚಾರ್ಲ್ಸ್ ಕೆಟರಿಂಗ್ ಅದಕ್ಕೂ ಮೊದಲು ಕ್ಯಾಶ್ ರಿಜಿಸ್ಟರ್‌ಗೆ ವಿದ್ಯುತ್ ಮೋಟಾರ್ ಅಳವಡಿಸಿದ್ದವರು. ಕೆಲವೇ ಕ್ಷಣ ದುಡಿದರೆ ಸಾಕಾದ ಮೋಟಾರಿಗೆ ಅದರ ತಾಕತ್ತು ಮೀರಿದ ಹೊರೆ ಹೊರಿಸಬಹುದು ಎಂಬ ಲೆಕ್ಕಾಚಾರ ಅಲ್ಲಿಯದೇ. ಅದಕ್ಕೇ ಹತ್ತು ಸೆಕೆಂಡಿಗಿಂತ ಹೆಚ್ಚು ಕೀ ಹಿಡಿಯಬಾರದು, ನಡುವೆ ಒಂದೆರಡು ನಿಮಿಷ ಬಿಡಬೇಕು. ಇಲ್ಲದಿದ್ದರೆ ಚೆನ್ನಾಗಿದ್ದ ಮೋಟಾರೂ ಸುಡುತ್ತದೆ.

ಮಳೆನೀರಲ್ಲಿ ಮುಳುಗಿದ ಕಾರಿನ ಕಥೆಯೇ ಬೇರೆ. ಸಿಲಿಂಡರಿನೊಳಗೆ ನೀರಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು. ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಂಥ ಕಾರಿಗೆ ಸೆಲ್ಫ್ ಹೊಡೆಯಲೇಬೇಡಿ, ತಳ್ಳಲೂ ಬೇಡಿ. ಪ್ಲಗ್‌ಗಳನ್ನೆಲ್ಲ ಬಿಚ್ಚಿ ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಬೇಕು: ಅಂಬಾಸಿಡರ್‌ಗಾದರೆ ಹ್ಯಾಂಡಲ್, ಮಾರುತಿಗಾದರೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕಕ್ಕೇ ಇರಬೇಕು, ಸುತ್ತಿ ಹಿಡಿಯಬಾರದು. ಪ್ಲಗ್ ಹಾಕಿ ಸ್ಟಾರ್ಟ್ ಮಾಡುವಾಗ ಎಂಜಿನ್ ತಿರುಗಿಬಿದ್ದರೆ ಹೆಬ್ಬೆರಳು ಮುರಿಯುತ್ತದೆ.

ದಾರಿಯಲ್ಲಿ ಕೈಕೊಟ್ಟಾಗ ಸೆಲ್ಫ್ ಮೋಟಾರಿಗೆ ಜ್ಯಾಕ್ ಹ್ಯಾಂಡಲಿನಿಂದ ನಾಲ್ಕು ತಟ್ಟುವುದುಂಟು. ಸಿಕ್ಕಿಕೊಂಡ ಬ್ರಷ್ ಸಡಿಲಾಗಿ ಒಮ್ಮೆ ಹೊಡೆಯುವುದೂ ಉಂಟು. ಆದರೆ ಮ್ಯಾಗ್ನೆಟ್ ಕೂರಿಸಿದ ಈಚಿನ ಮೋಟಾರ್‌ಗಳಿಗೆ ಈ ಮದ್ದು ಬೇಡ, ಒಳಗಿನ ಮ್ಯಾಗ್ನೆಟ್ ಒಡೆದೀತು. ಎರಡನೇ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವುದು ಎಲ್ಲರಿಗೂ ಗೊತ್ತು. ಬ್ಯಾಟರಿ ಪೂರ್ತಿ ಸತ್ತಿದ್ದರೂ ಡೈನಮೋ ಇರುವ ತೀರಾ ಹಳೆಯ ಕಾರು ಜೋರಾಗಿ ತಳ್ಳಿದರೆ ಎದ್ದೀತು. ಆಲ್ಟರ್ನೇಟರ್ ಕರೆಂಟ್ ಹುಟ್ಟಿಸಬೇಕಾದರೆ ಮೊದಲು ಬ್ಯಾಟರಿಯಿಂದ ಒಂದಿಷ್ಟು ಪಡೆಯಬೇಕು. ಹಾಗಾಗಿ ಆಲ್ಟರ್ನೇಟರ್ ಇರುವ ಕಾರಿನ ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳುವವರ ಬೆವರು ದಂಡ.

ಸೆಲ್ಫ್ ಮೋಟಾರೇ ಕೆಟ್ಟಿದೆ ಎಂದು ಖಾತ್ರಿಯಾದರೂ ಹೊಸದಕ್ಕೆ ಅವಸರ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಹುಡುಕಬಹುದು, ಶಿವಾಜಿನಗರದ ಗುಜರಿಯಲ್ಲೂ ಅದೃಷ್ಟ ಪರೀಕ್ಷಿಸಬಹುದು. ಊರಿನ ಆಟೋ ಎಲೆಕ್ಟ್ರಿಷಿಯನ್ ಬ್ರಷ್, ಬುಶ್ ಬದಲಿಸಿ, ಕಮ್ಯುಟೇಟರ್ ಉಜ್ಜಿ ಹಳೆಯದನ್ನೇ ಓಡಿಸಿಕೊಡುತ್ತಾರೆ. ವಾಪಸ್ ಕೂರಿಸುವಾಗ ಮೋಟಾರ್ ತಾಗುವ ಲೋಹದ ಮೈಯನ್ನೂ ಬೋಲ್ಟ್‌ಗಳನ್ನೂ ಉಜ್ಜಿಸಿ, ಏಕೆಂದರೆ ಅದರ ಅರ್ಥ್ ಅಲ್ಲಿಂದಲೇ. ಕೊನೆಗೆ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಹದಿನಾಲ್ಕು ವೋಲ್ಟಿನ ಆಸುಪಾಸು ಬರುತ್ತಿದೆಯೇ ಎಂದು ನೋಡಿಸಿಕೊಂಡೇ ದುಡ್ಡು ಕೊಡಿ.